ಶೆಡ್ ಕಟ್ಟೋ ಮೊದಲು ನಾಲ್ಕು ತಿಂಗಳು ಸಗಣಿ ಬಾಚಿ ನೋಡಿ

ಪಿಯುಸಿ ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಬರೋ ಮೆಸೇಜುಗಳಲ್ಲಿ ಅರ್ಧ ಒಂದೇ ಥರ ಇರ್ತವೆ. "ಅಣ್ಣ, ನಂಗೆ ಪ್ರಾಣಿ ಅಂದ್ರೆ ಪ್ರಾಣ. ವೆಟರ್ನರಿ ಓದ್ಲಾ, ಇಲ್ಲಾ ಊರಲ್ಲೇ 20 ಬಂಡೂರು ಕುರಿ ಹಾಕ್ಲಾ?" ಇನ್ನರ್ಧ ಇಪ್ಪತ್ತೇಳು ಇಪ್ಪತ್ತೆಂಟು ವಯಸ್ಸಿನವರದು. ಬೆಂಗಳೂರಲ್ಲಿ ಐದಾರು ವರ್ಷ ದುಡಿದು ಸಾಕಾಗಿದೆ, ಊರಿಗೆ ಬಂದು ಡೇರಿ ಫಾರಂ ಮಾಡಬೇಕು, ಸಾಲಕ್ಕೆ ಯಾವ ಸ್ಕೀಮು ಒಳ್ಳೇದು ಅಂತ ಕೇಳ್ತಾರೆ.

ನಾನು ಓದಿದ್ದು ತೋಟಗಾರಿಕೆ. ಅರಕೆರೆ ಹೋಬಳಿಯಲ್ಲಿ ಬಾಳೆ, ತೆಂಗು, ತರಕಾರಿ ಬೆಳೀತೀನಿ, ರಾಸಾಯನಿಕ ಬಿಟ್ಟು ಒಂಬತ್ತು ವರ್ಷ ಆಯ್ತು. ಪಶುವೈದ್ಯ ಅಲ್ಲ. ಆದರೂ ಇವರಿಗೆಲ್ಲ ವಾಪಸ್ ಒಂದು ಪ್ರಶ್ನೆ ಕೇಳ್ತೀನಿ: ಇಲ್ಲಿವರೆಗೆ ಒಟ್ಟು ಎಷ್ಟು ದಿನ ದನ ಕುರಿ ಜೊತೆ ಬೆಳಗ್ಗೆಯಿಂದ ಸಂಜೆವರೆಗೆ ಇದ್ದೀಯಪ್ಪ? ಹೆಚ್ಚಿನವರು ಉತ್ತರದ ಬದಲು ಒಂದು ಯೂಟ್ಯೂಬ್ ಲಿಂಕ್ ಕಳಿಸ್ತಾರೆ.

ನನ್ನ ಅಭಿಪ್ರಾಯ ಇಷ್ಟೇ. ಪ್ರಾಣಿ ಇಷ್ಟ ಅನ್ನೋದು ಒಂದು ಅರ್ಹತೆ ಅಲ್ಲ, ಅದು ಬರೀ ಶುರುವಾತು. ಕಾಲೇಜಿಗೆ ಫೀಸು ಕಟ್ಟೋ ಮುಂಚೆ, ಬ್ಯಾಂಕಿಗೆ ಪಹಣಿ ಕೊಡೋ ಮುಂಚೆ, ಮೂರ್ನಾಲ್ಕು ತಿಂಗಳು ಸಂಬಳ ಇಲ್ಲದೆ ಪ್ರಾಣಿಗಳ ಕೆಲಸ ಮಾಡಿ ನೋಡಬೇಕು. ಸ್ವಯಂಸೇವೆ ಅಂತ ದೊಡ್ಡ ಹೆಸರು ಬೇಕಾದರೆ ಇಟ್ಕೊಳ್ಳಿ. ನಮ್ಮ ಕಡೆ ಇದಕ್ಕೆ "ಜೊತೆಗೆ ಓಡಾಡೋದು" ಅಂತಾರೆ. ಮೇಸ್ತ್ರಿ ಜೊತೆ ಓಡಾಡಿ ಗಾರೆ ಕಲಿತ ಹಾಗೆ, ಡಾಕ್ಟ್ರ ಜೊತೆ, ಕುರಿಗಾರರ ಜೊತೆ, ಗೋಶಾಲೆಯವರ ಜೊತೆ ಓಡಾಡೋದು.

"ನಾನು ಹಳ್ಳಿಯವನು, ನಮ್ಮನೇಲೇ ಮೂರು ಹಸು ಇವೆ, ನಂಗೆ ಯಾಕೆ ಇದು" ಅಂತ ಕೇಳೋರು ಬಹಳ ಜನ. ಇಲ್ಲೇ ಇರೋದು ವಿಷಯ. ಹಸು ನಿಮ್ಮನೇಲಿ ಇದೆ ಸರಿ, ಆದರೆ ಅದನ್ನ ನೋಡ್ಕೊಳ್ತಿರೋದು ಯಾರು? ಬೆಳಗ್ಗೆ ಐದಕ್ಕೆ ಎದ್ದು ಕೊಟ್ಟಿಗೆ ಬಾಚೋದು ಅವ್ವ. ಗದ್ದೆ ಬದುವಲ್ಲಿ ಹುಲ್ಲು ಕುಯ್ದು ಹೊರೆ ಹೊತ್ತು ತರೋದು ಅವ್ವ. ಬೆದೆಗೆ ಬಂದಿದ್ದು ಮೊದಲು ಗೊತ್ತಾಗೋದೂ ಅವ್ವನಿಗೇ. ಮಗ ಮಾಡೋದು ಬೈಕಲ್ಲಿ ಕ್ಯಾನ್ ಇಟ್ಕೊಂಡು ಡೇರಿಗೆ ಹಾಲು ಹಾಕಿ ಬರೋದು, ಜೊತೆಗೆ ಪಾಸ್‌ಬುಕ್ ನೋಡೋದು. ಹೀಗಿದ್ದೂ "ನಮಗೆ ಹೈನುಗಾರಿಕೆ ಗೊತ್ತು" ಅಂತ ಹತ್ತು ಹಸುವಿನ ಪ್ರಾಜೆಕ್ಟ್ ರಿಪೋರ್ಟ್ ಬರೆಸ್ತೀವಿ.

ಅದಕ್ಕೇ ನಾನು ಹೇಳೋ ಮೊದಲನೇ ಜಾಗ ಯಾವ ಸಂಸ್ಥೆಯೂ ಅಲ್ಲ, ನಿಮ್ಮ ಕೊಟ್ಟಿಗೆ. ಒಂದು ತಿಂಗಳು ಅವ್ವನಿಗೆ ರಜ ಕೊಡಿ. ಪೂರ್ತಿ ರಜ, ಅವರು ಕೊಟ್ಟಿಗೆಗೆ ಕಾಲಿಡಬಾರದು. ಎರಡು ಹೊತ್ತು ಹಾಲು ಕರೆಯೋದು ನೀವೇ. ಲೆಕ್ಕ ಹಾಕಿ: ಒಂದು ಹಸುವಿಗೆ ವರ್ಷಕ್ಕೆ 365 ದಿನ, ದಿನಕ್ಕೆ ಎರಡು ಸಲ ಅಂದ್ರೆ 730 ಸಲ. ಬತ್ತಿಸೋ ಎರಡು ತಿಂಗಳು ಕಳೆದರೂ 600 ದಾಟುತ್ತೆ. ಹತ್ತು ಹಸುವಿಗೆ 6,000. ಮಿಷಿನ್ ಹಾಕಿದರೂ ಕೆಚ್ಚಲು ತೊಳೆಯೋದು, ಮೊದಲ ನಾಲ್ಕು ಧಾರೆ ಬೇರೆ ಬಟ್ಟಲಿಗೆ ಕರೆದು ಗಡ್ಡೆ ಇದೆಯಾ ನೋಡೋದು, ಕೊನೆಗೆ ಮೊಲೆ ಅದ್ದೋದು ಕೈಯಿಂದಲೇ ಆಗಬೇಕು. ನೆಂಟರ ಮದುವೆ, ಹಬ್ಬ, ಐಪಿಎಲ್ ಫೈನಲ್, ಯಾವುದಕ್ಕೂ ಹಸು ಕಾಯಲ್ಲ. ಒಂದು ತಿಂಗಳು ಇದನ್ನ ಮಾಡಿ ಮೂವತ್ತೊಂದನೇ ದಿನವೂ ಐದಕ್ಕೆ ಎದ್ದರೆ ಮುಂದಿನ ಮಾತು.

ಎರಡನೇ ಜಾಗ ಹೋಬಳಿಯ ಪಶು ಆಸ್ಪತ್ರೆ. ಅಲ್ಲಿ ವಾಲಂಟಿಯರ್ ಬೇಕಾಗಿದ್ದಾರೆ ಅಂತ ಬೋರ್ಡು ಇರಲ್ಲ. ಹೋಗಿ ಕೇಳಬೇಕು. ನಾನು ಎರಡು ನಾಟಿ ಹಸು ಕಟ್ಟೋ ಮುಂಚೆ ಹೀಗೇ ಪಕ್ಕದ ಹೋಬಳಿಯ ಆಸ್ಪತ್ರೆಯಲ್ಲಿ ಕೇಳಿದೆ. ಡಾಕ್ಟ್ರು ಮೇಲಿಂದ ಕೆಳಗೆ ನೋಡಿ, "ಬೆಳಗ್ಗೆ ಎಂಟಕ್ಕೆ ಬನ್ನಿ, ಹಳೇ ಪ್ಯಾಂಟ್ ಹಾಕ್ಕೊಂಡು ಬನ್ನಿ" ಅಂದರು. ಜೀವಾಮೃತಕ್ಕೆ ಸಗಣಿ ಗಂಜಲ ಬೇಕಿತ್ತು, ಹಸು ಬಗ್ಗೆ ಸ್ವಲ್ಪ ತಿಳ್ಕೊಳ್ಳೋಣ ಅನ್ನೋದಷ್ಟೇ ನನ್ನ ಉದ್ದೇಶ. ನಾಲ್ಕು ತಿಂಗಳು ವಾರಕ್ಕೆ ಮೂರು ಬೆಳಗ್ಗೆ ಹೋದೆ.

ಅಲ್ಲಿ ನೋಡಿದ್ದು ಯಾವ ವಿಡಿಯೋದಲ್ಲೂ ಇಲ್ಲ. ಹಸು ಹಿಡ್ಕೊಂಡು ಬಂದವರು ಬಾಗಿಲಲ್ಲೇ "ಮೇವು ತಿಂತಿಲ್ಲ ಸಾರ್" ಅಂತಾರೆ. ಎಲ್ಲಾ ಕಾಯಿಲೆಗೂ ಅದೇ ಮಾತು. ಡಾಕ್ಟ್ರು ಹತ್ತು ಪ್ರಶ್ನೆ ಕೇಳ್ತಾರೆ. ಸಗಣಿ ಹೆಂಗಿದೆ, ಮೆಲುಕು ಹಾಕ್ತಿದೆಯಾ, ನಿನ್ನೆ ಏನು ಹಾಕಿದ್ರಿ, ಕರು ಹಾಕಿ ಎಷ್ಟು ದಿನ. ಎಂಟನೇ ಪ್ರಶ್ನೆಗೆ "ನಿನ್ನೆ ಬೀಗರ ಊಟ ಇತ್ತು, ಮಿಕ್ಕಿದ ಅನ್ನ ಹಾಕಿದ್ವಿ" ಅಂತ ಹೊರಗೆ ಬರುತ್ತೆ. ಅಲ್ಲಿಗೆ ಅರ್ಧ ರೋಗ ಗೊತ್ತಾಯ್ತು. ಪಶುವೈದ್ಯಕೀಯ ಅಂದ್ರೆ ಮುಕ್ಕಾಲು ಪಾಲು ಮನುಷ್ಯರ ಹತ್ತಿರ ಮಾತಾಡೋ ಕೆಲಸ. ಪ್ರಾಣಿ ಇಷ್ಟ, ಮನುಷ್ಯರು ಕಷ್ಟ ಅಂತ ಈ ದಾರಿಗೆ ಬರೋರು ಇದನ್ನ ಮೊದಲೇ ತಿಳ್ಕೊಂಡರೆ ಒಳ್ಳೇದು.

ಇನ್ನೊಂದು ವಿಷಯ ಸಾವು. ಹೊಟ್ಟೆ ಉಬ್ಬರಿಸಿದ ಹಸು ಆಟೋದಿಂದ ಇಳಿಸೋ ಹೊತ್ತಿಗೆ ಹೋಗಿಬಿಟ್ಟಿರುತ್ತೆ. ಕರು ಅಡ್ಡ ಬಿದ್ದಿರುತ್ತೆ, ಎರಡು ಗಂಟೆ ಒದ್ದಾಡಿ ತಾಯಿ ಉಳಿಸ್ಕೊಂಡು ಕರುವನ್ನ ತುಂಡು ಮಾಡಿ ತೆಗೀಬೇಕಾಗುತ್ತೆ. ಪಕ್ಕದಲ್ಲಿ ಮನೆಯವರು ಅಳ್ತಿರ್ತಾರೆ, ಸಾಲದ ಕಂತು ಬಾಕಿ ಇರುತ್ತೆ. ಆ ದಿನ ಮಧ್ಯಾಹ್ನ ಊಟ ಸೇರುತ್ತಾ, ಮಾರನೇ ದಿನ ಮತ್ತೆ ಹೋಗ್ಬೇಕು ಅನ್ಸುತ್ತಾ ಅನ್ನೋದು ಪುಸ್ತಕ ಓದಿ ಗೊತ್ತಾಗೋ ವಿಷಯ ಅಲ್ಲ. ನನಗೆ ಗೊತ್ತಾಗಿದ್ದು, ನನ್ನ ಕೆಲಸ ಗಿಡದ್ದು ಅಂತ. ಬಾಳೆಗೆ ಎಲೆಚುಕ್ಕೆ ಬಂದ್ರೆ ಎಲೆ ಕುಯ್ದು ಹಾಕಿ ನಿದ್ದೆ ಮಾಡ್ತೀನಿ. ಹಸು ನರಳಿದ್ರೆ ನನಗೆ ನಿದ್ದೆ ಬರಲ್ಲ. ಎರಡು ಹಸುವಿಗೆ ನಿಂತೆ, ಇಪ್ಪತ್ತಕ್ಕೆ ಹೋಗಲಿಲ್ಲ. ಆಗ ನನ್ನ ಜೊತೆ ಬರ್ತಿದ್ದ ಪಾಂಡವಪುರ ಕಡೆಯ ಒಬ್ಬ ಹುಡುಗ ಇದ್ದ, ಬಿ.ಕಾಂ. ಅರ್ಧಕ್ಕೆ ಬಿಟ್ಟವನು. ಅವನಿಗೆ ಅದೇ ಸಾವು ನೋಡಿ ಹಠ ಬಂತು. ಈಗ ಕೃತಕ ಗರ್ಭಧಾರಣೆ ಕಾರ್ಯಕರ್ತನಾಗಿ ಸುತ್ತ ಎಂಟು ಹತ್ತು ಹಳ್ಳಿ ಓಡಾಡ್ತಾನೆ. ಒಂದೇ ಕೊಟ್ಟಿಗೆಯಲ್ಲಿ ಇಬ್ಬರಿಗೆ ಎರಡು ಉತ್ತರ ಸಿಕ್ಕಿತು. ಎರಡೂ ಲಾಭವೇ.

ಅಲ್ಲಿ ಏನು ಮಾಡಬಹುದು, ಏನು ಮಾಡಬಾರದು ಅನ್ನೋದು ಗಟ್ಟಿಯಾಗಿ ತಿಳ್ಕೊಳ್ಳಿ. ಹಸುವನ್ನ ಕಬ್ಬಿಣದ ಚೌಕಟ್ಟಿಗೆ ಕಟ್ಟೋದು, ಮೂಗುದಾರ ಹಿಡಿಯೋದು, ಥರ್ಮಾಮೀಟರ್ ಇಟ್ಟು ಜ್ವರ ನೋಡೋದು (ಹಸುವಿಗೆ 101.5 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ಮಾಮೂಲು, ನಮ್ಮ ಲೆಕ್ಕ ಹಿಡಿದು ಗಾಬರಿಯಾಗಬೇಡಿ), ಗಾಯ ತೊಳೆಯೋದು, ರಿಜಿಸ್ಟರ್ ಬರೆಯೋದು, ಆವರಣ ಗುಡಿಸೋದು, ಇವೆಲ್ಲ ಮಾಡಬಹುದು. ಸೂಜಿ ಮುಟ್ಟಬಾರದು. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ಪ್ರಕಾರ ನೋಂದಾಯಿತ ಪಶುವೈದ್ಯರು ಮಾತ್ರ ಚಿಕಿತ್ಸೆ ಮಾಡಬೇಕು. ಡಿಪ್ಲೊಮಾ ಮಾಡಿದವರು ಅವರ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಸೇವೆ ಮಾಡಬಹುದು. ಎರಡು ತಿಂಗಳು ನೋಡಿ ಕಲಿತು ಊರಲ್ಲಿ "ಡಾಕ್ಟ್ರು" ಅನ್ನಿಸ್ಕೊಂಡು ಆಂಟಿಬಯೋಟಿಕ್ ಚುಚ್ಚೋ ಹುಡುಗರನ್ನ ನಾನು ನೋಡಿದ್ದೀನಿ. ಅವರು ಪ್ರಾಣಿ ಪ್ರೇಮಿಗಳಲ್ಲ, ಅಪಾಯ.

ನಿಮ್ಮ ಜೀವದ ಬಗ್ಗೆಯೂ ಎರಡು ಮಾತು. ಜೊಲ್ಲು ಸುರಿಸ್ಕೊಂಡು, ನೀರು ಕುಡಿಯೋಕಾಗದೆ, ವಿಚಿತ್ರವಾಗಿ ಕೂಗ್ತಿರೋ ಹಸು ಕಂಡರೆ "ಗಂಟಲಲ್ಲಿ ಏನೋ ಸಿಕ್ಕೊಂಡಿದೆ" ಅಂತ ಬಾಯಿಗೆ ಕೈ ಹಾಕಬೇಡಿ. ಹುಚ್ಚುನಾಯಿ ಕಡಿದ ಹಸುವೂ ಹಾಗೇ ಮಾಡುತ್ತೆ. ಮಾಸು ಬೀಳದ ಹಸು, ಕಂದು ಹಾಕಿದ ಹಸು ಇದ್ದಲ್ಲಿ ಬರಿಗೈ ಕೂಡದು. ಬ್ರುಸೆಲ್ಲೋಸಿಸ್ ಅನ್ನೋ ರೋಗ ಅಲ್ಲಿಂದ ಮನುಷ್ಯರಿಗೆ ಬರುತ್ತೆ. ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಬರೋ ಜ್ವರ, ಕೀಲುನೋವು. ಶುರು ಮಾಡೋ ಮುಂಚೆ ಟಿಟಿ ಹಾಕಿಸ್ಕೊಳ್ಳಿ. ನಾಯಿಗಳ ಜೊತೆ ಕೆಲಸ ಅಂದ್ರೆ ಕಚ್ಚಿಸ್ಕೊಳ್ಳೋ ಮುಂಚೆಯೇ ಹಾಕೋ ರೇಬಿಸ್ ಲಸಿಕೆ ಬಗ್ಗೆ ವೈದ್ಯರ ಹತ್ತಿರ ಕೇಳಿ.

ಸ್ವಯಂಸೇವೆ ಅಂದ ತಕ್ಷಣ ಕೆಲವರಿಗೆ ಇದು ಫಾರಿನ್‌ನವರ ಶೋಕಿ, ಪೇಟೆ ಮಕ್ಕಳ ಸರ್ಟಿಫಿಕೇಟ್ ವ್ಯವಹಾರ ಅನ್ನಿಸುತ್ತೆ. ಅಂಥವರು ನಮ್ಮದೇ ಜಿಲ್ಲೆಯ ಕೊಕ್ಕರೆ ಬೆಳ್ಳೂರಿಗೆ ಒಂದು ಸಲ ಹೋಗಿ ಬನ್ನಿ. ಮದ್ದೂರು ತಾಲ್ಲೂಕು, ಶಿಂಷಾ ನದಿ ಹತ್ತಿರ. ಊರೊಳಗಿನ ಹುಣಸೆ, ಆಲ, ಅರಳಿ ಮರಗಳ ಮೇಲೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ತವೆ. ಇದು ಇವತ್ತಿನದಲ್ಲ, 1864ರಲ್ಲೇ ಜರ್ಡನ್ ಅನ್ನೋ ಇಂಗ್ಲಿಷ್ ಪಕ್ಷಿತಜ್ಞರು ಈ ಭಾಗದ ಹೆಜ್ಜಾರ್ಲೆ ಗೂಡುಗಳ ಬಗ್ಗೆ ಬರೆದಿದ್ದಾರೆ. ಹಕ್ಕಿ ಗೂಡು ಕಟ್ಟಿದ ಹುಣಸೆ ಮರದ ಫಸಲನ್ನ ಊರವರು ಬಿಟ್ಟುಕೊಟ್ಟರು, ಮರದ ಕೆಳಗೆ ಬಿದ್ದ ಹಿಕ್ಕೆಯನ್ನ ಹೊಲಕ್ಕೆ ಗೊಬ್ಬರ ಮಾಡ್ಕೊಂಡರು. ಹುಣಸೆ ಅಂದ್ರೆ ರೈತನಿಗೆ ಸಣ್ಣ ಆದಾಯ ಅಲ್ಲ, ತೋಟಗಾರಿಕೆ ಓದಿದ ನನಗೆ ಆ ತ್ಯಾಗದ ಲೆಕ್ಕ ಚೆನ್ನಾಗಿ ಗೊತ್ತು. ಅರಣ್ಯ ಇಲಾಖೆ ಮರಕ್ಕೆ ಇಷ್ಟು ಅಂತ ಪರಿಹಾರ ಕೊಡೋದು ಆಮೇಲೆ ಬಂತು.

ಇಲ್ಲಿ ನನ್ನ ವಿಷಯಕ್ಕೆ ಸೇರೋ ಭಾಗ ಯುವಕರದ್ದು. 1990ರ ದಶಕದಲ್ಲಿ ಕೆ. ಮನು ಅವರ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಜೊತೆ ಸೇರಿ ಊರಿನ ಹುಡುಗರು "ಹೆಜ್ಜಾರ್ಲೆ ಬಳಗ" ಅಂತ ಮಾಡ್ಕೊಂಡರು. ಗೂಡಿನಿಂದ ಬಿದ್ದ ಮರಿಗಳನ್ನ ನಾಯಿ ಪಾಲಾಗೋಕೆ ಬಿಡದೆ ಎತ್ತಿ ತಂದು, ಬೇಲಿ ಕಟ್ಟಿದ ಜಾಗದಲ್ಲಿ ಮೀನು ಹಾಕಿ ಸಾಕಿ, ರೆಕ್ಕೆ ಬಲಿತ ಮೇಲೆ ಬಿಡೋ ಕೆಲಸ. ಹೆಜ್ಜಾರ್ಲೆ ಮರಿ ಹತ್ತಿರದಿಂದ ನೋಡಿದ್ದೀರಾ? ಚೆಂದ ಇರಲ್ಲ, ವಾಸನೆ ಬೇರೆ. ಮೀನು ಹೊಂಚೋದು, ಆವರಣ ತೊಳೆಯೋದು, ದಿನಾ ಅದೇ. ಅವರಿಗೆ ಸೆಲ್ಫಿ ಇರಲಿಲ್ಲ, ಲೈಕೂ ಇರಲಿಲ್ಲ. 2007ರಲ್ಲಿ ಆ ಜಾಗವನ್ನ ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿದರು. ಇವತ್ತು ಅಲ್ಲಿಗೆ ಬರೋ ಪ್ರವಾಸಿಗರಿಗೆ ಯಾವ ಮರದಲ್ಲಿ ಯಾವ ಹಕ್ಕಿ, ಯಾವ ತಿಂಗಳು ಮೊಟ್ಟೆ, ಯಾವಾಗ ಮರಿ ಅಂತ ಊರವರೇ ಹೇಳ್ತಾರೆ. ಆ ಜ್ಞಾನ ಕೋರ್ಸು ಮಾಡಿ ಬಂದದ್ದಲ್ಲ. ಶ್ರೀರಂಗಪಟ್ಟಣದವರಿಗೆ ಇನ್ನೂ ಹತ್ತಿರ ರಂಗನತಿಟ್ಟು ಇದೆ. 1940ರಲ್ಲಿ ಸಲೀಂ ಅಲಿ ಅವರ ಸಲಹೆಯಿಂದ ಪಕ್ಷಿಧಾಮವಾಯ್ತು, 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು, ಅಷ್ಟು ಹತ್ತಿರ ಇದ್ದೂ ನಮ್ಮಲ್ಲಿ ಎಷ್ಟು ಜನ ಹುಡುಗರಿಗೆ ಹತ್ತು ಹಕ್ಕಿ ಹೆಸರು ಗೊತ್ತು? ಹೋಗಲಿ ಬಿಡಿ.

ಇದಕ್ಕೆ ತದ್ವಿರುದ್ಧ ಇರೋದು ಹಾವಿನ ರೀಲ್ಸ್. ಊರಿಗೊಬ್ಬ "ಉರಗ ಪ್ರೇಮಿ" ಹುಟ್ಕೊಂಡಿದ್ದಾನೆ. ನಾಗರಹಾವನ್ನ ಬಾಲ ಹಿಡಿದು ಎತ್ತೋದು, ಮುತ್ತು ಕೊಡೋ ಥರ ಮುಖದ ಹತ್ತಿರ ತರೋದು, ಹಿಂದೆ ಸಿನಿಮಾ ಹಾಡು. ಇದನ್ನೂ ಸೇವೆ ಅಂತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನಾಗರಹಾವಿಗೆ ರಕ್ಷಣೆ ಇದೆ, ಅನುಮತಿ ಇಲ್ಲದೆ ಹಿಡಿಯೋದು, ಆಟ ಆಡಿಸೋದು ಅಪರಾಧ. ಕಾನೂನು ಪಕ್ಕಕ್ಕಿಡಿ, ಮಂಡಲದ ಹಾವು ಕಚ್ಚಿದವನಿಗೆ ಕಿಡ್ನಿ ಹೋಗಿ ಆಸ್ಪತ್ರೆಯಲ್ಲಿ ಮಲಗಿದಾಗ ಫಾಲೋವರ್ಸ್ ಯಾರೂ ಬಿಲ್ ಕಟ್ಟಲ್ಲ. ಹಾವು ಹಿಡಿಯೋ ಕೆಲಸ ನಿಜವಾಗಲೂ ಬೇಕು ಅನ್ನಿಸಿದರೆ ಅರಣ್ಯ ಇಲಾಖೆ ಜೊತೆ ಕೆಲಸ ಮಾಡೋ ಅನುಭವಸ್ಥರ ಹಿಂದೆ ಓಡಾಡಿ. ಒಳ್ಳೆಯವರು ನಿಮಗೆ ಬಹಳ ದಿನ ಕೊಕ್ಕೆಯನ್ನೇ ಕೊಡಲ್ಲ, ಜನರನ್ನ ದೂರ ನಿಲ್ಲಿಸೋ ಕೆಲಸ ಕೊಡ್ತಾರೆ. ಅದು ಬೇಜಾರಾಯ್ತಾ? ಹಾಗಾದರೆ ನಿಮಗೆ ಬೇಕಾಗಿದ್ದು ಹಾವಲ್ಲ, ವಿಡಿಯೋ.

ಕಬ್ಬು ಕಡಿಯೋ ಕಾಲದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತೆ. ಗದ್ದೆ ಮಧ್ಯೆ ಚಿರತೆ ಮರಿ ಸಿಗುತ್ತೆ, ಎಷ್ಟೋ ಸಲ ಅದು ಚಿರತೆಯೇ ಅಲ್ಲ, ಕಾಡುಬೆಕ್ಕಿನ ಮರಿ. ಹತ್ತು ನಿಮಿಷದಲ್ಲಿ ಇನ್ನೂರು ಜನ. ಮರಿ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತೆ, ಹಾಲು ಕುಡಿಸ್ತಾರೆ, ಫೋಟೋ ತೆಗೀತಾರೆ. ಆಗಬೇಕಾದ್ದು ಬೇರೆ. ಮರಿ ಮುಟ್ಟದೆ ಕಡಿತ ನಿಲ್ಲಿಸಿ, ಜನ ಚದುರಿಸಿ, ಅರಣ್ಯ ಇಲಾಖೆಗೆ ಫೋನ್ ಮಾಡಬೇಕು. ಮರಿ ಅಲ್ಲೇ ಇದ್ದರೆ ರಾತ್ರಿ ತಾಯಿ ಬಂದು ಕಚ್ಕೊಂಡು ಹೋಗೋ ಸಾಧ್ಯತೆ ಇರುತ್ತೆ. ಅಷ್ಟು ಜನರ ಮಧ್ಯೆ ನಿಂತು "ಹಿಂದಕ್ಕೆ ಹೋಗ್ರಪ್ಪ" ಅಂತ ಬೈಸ್ಕೊಳ್ಳೋ ಒಬ್ಬ ಹುಡುಗ ಇದ್ದಾನಲ್ಲ, ನನ್ನ ಲೆಕ್ಕದಲ್ಲಿ ಆ ಊರಿನ ಒಬ್ಬನೇ ವನ್ಯಜೀವಿ ಸ್ವಯಂಸೇವಕ ಅವನು.

ಮೈಸೂರು ಹತ್ತಿರ ಇರೋದು ನಮ್ಮ ಭಾಗ್ಯ. 1892ರಲ್ಲಿ ಶುರುವಾದ ಚಾಮರಾಜೇಂದ್ರ ಮೃಗಾಲಯದಲ್ಲಿ ಹೈಸ್ಕೂಲು, ಪಿಯು ವಯಸ್ಸಿನ ಮಕ್ಕಳಿಗೆ ಯೂತ್ ಕ್ಲಬ್ ಇದೆ, ಬೇಸಿಗೆ ಶಿಬಿರ ಇದೆ. ನಿಮ್ಮನೇಲಿ ಆ ವಯಸ್ಸಿನ ತಮ್ಮ ತಂಗಿ ಇದ್ದರೆ ವಿಚಾರಿಸಿ ಕಳಿಸಿ. ಪ್ರಾಣಿ ಪಾಲಕರು ದಿನಾ ಏನು ಮಾಡ್ತಾರೆ, ಆಹಾರ ಹೆಂಗೆ ತೂಕ ಹಾಕಿ ಕೊಡ್ತಾರೆ ಅಂತ ಕಣ್ಣಲ್ಲಿ ಕಾಣುತ್ತೆ. ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಪಿಂಜರಾಪೋಲ್ ಇದೆ, ಪೀಪಲ್ ಫಾರ್ ಅನಿಮಲ್ಸ್‌ನವರ ಆಶ್ರಯ ಕೇಂದ್ರ ಇದೆ. ಬೆಂಗಳೂರಲ್ಲಿ ಕೆಲಸದಲ್ಲಿ ಇರೋರಿಗೆ ಕೆಂಗೇರಿ ಬಳಿಯ ವನ್ಯಜೀವಿ ಆಸ್ಪತ್ರೆ, 1991ರಿಂದ ನಡೀತಿರೋ ಕ್ಯೂಪಾ ಇವೆ. ಕೆಲಸ ಬಿಡೋ ಪತ್ರ ಬರೆಯೋ ಮುಂಚೆ ಆರು ತಿಂಗಳ ಭಾನುವಾರಗಳನ್ನ ಅಲ್ಲಿ ಕಳೀರಿ.

ಆದರೆ ಎಲ್ಲ ಕಡೆಯೂ ಒಳ್ಳೇದೇ ಇರುತ್ತೆ ಅಂತ ಹೇಳಲ್ಲ. ನನ್ನ ಪರಿಚಯದ ಹುಡುಗಿಯೊಬ್ಬಳು ಒಂದು ಕಡೆ ಹೋಗಿದ್ದಳು, ಹೆಸರು ಬೇಡ. ನೋಂದಣಿ ಅಂತ ಮೊದಲೇ ದುಡ್ಡು ತಗೊಂಡರು. ಒಂದು ತಿಂಗಳು ಬರೀ ಗುಡಿಸೋದು, ಮೇವು ಇಳಿಸೋದು, ದಾನಿಗಳು ಬಂದಾಗ ಕರು ಹಿಡ್ಕೊಂಡು ಫೋಟೋಗೆ ನಿಲ್ಲೋದು. ಗುಡಿಸೋದರಲ್ಲಿ ತಪ್ಪಿಲ್ಲ, ನಾನೂ ಗುಡಿಸಿದ್ದೀನಿ. ಆದರೆ ಗುಡಿಸಿದವರಿಗೆ ಯಾವ ಕರುವಿಗೆ ಏನು ರೋಗ, ಯಾಕೆ ಈ ಔಷಧಿ ಅಂತ ಒಬ್ಬರೂ ಹೇಳದೇ ಹೋದರೆ ಅದು ಬಿಟ್ಟಿ ಕೂಲಿ. ನನ್ನ ಅಳತೆ ಸುಲಭ: ಮೊದಲ ವಾರದಲ್ಲಿ ಪ್ರಶ್ನೆ ಕೇಳಿ. ಉತ್ತರ ಕೊಡೋ ಜಾಗದಲ್ಲಿ ನಿಲ್ಲಿ, ಗದರೋ ಜಾಗದಿಂದ ಎದ್ದು ಬನ್ನಿ. ದುಡ್ಡು ಕೇಳಿದರೆ ಯೋಚನೆಯೇ ಬೇಡ. ಅವಧಿ ಮೊದಲೇ ಹೇಳಿ, ಮೂರು ತಿಂಗಳು ಅಂದ್ರೆ ಮೂರು ತಿಂಗಳು. ಆಮೇಲೂ ಅವರಿಗೆ ನೀವು ಬೇಕು ಅಂದ್ರೆ ಸಂಬಳದ ಮಾತು ಆಡಲಿ.

"ಹೊಟ್ಟೆ ತುಂಬಿದವರಿಗೆ ಸರಿ ಅಣ್ಣ, ಕೂಲಿ ಬಿಟ್ಟು ನಾವು ಹೆಂಗೆ ಹೋಗೋದು" ಅಂತ ಕೆ.ಆರ್. ಪೇಟೆಯ ಒಬ್ಬ ತಮ್ಮ ಕೇಳಿದ. ನ್ಯಾಯವಾದ ಪ್ರಶ್ನೆ. ಭೂಮಿ ಇಲ್ಲದವರಿಗೆ, ದಿನದ ಕೂಲಿ ಮೇಲೆ ಮನೆ ನಡೆಸೋರಿಗೆ ನಾಲ್ಕು ತಿಂಗಳು ಬಿಟ್ಟಿ ಕೆಲಸ ಅನ್ನೋದು ತಮಾಷೆ ಮಾತು. ಅವರಿಗೆ ನಾನು ಹೇಳೋದು ಬೆಳಗ್ಗೆ ಎರಡು ಗಂಟೆ ಮಾತ್ರ, ಊರಿನ ಡೇರಿಯಲ್ಲೇ. ಹಾಲಿನ ಡಿಗ್ರಿ, ಫ್ಯಾಟ್ ನೋಡೋದು ಕಲೀರಿ, ಯಾರ ಹಾಲು ಯಾಕೆ ಇಳೀತು ಅಂತ ಗಮನಿಸಿ. ಇಲ್ಲವೇ ಕುರಿಗಾರರ ಜೊತೆ ಕೂಲಿಗೇ ಸೇರಿ, ಬಿಟ್ಟಿ ಮಾಡಬೇಡಿ. ಬಂಡೂರು ಕುರಿ ನಮ್ಮದೇ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರು ಹೊತ್ತ ತಳಿ. ಕುಳ್ಳು ಕಾಲು, ತುಂಬಿದ ಮೈ, ರುಚಿಗೆ ಹೆಸರುವಾಸಿ, ಬೆಲೆಯೂ ಹಾಗೇ. ಆ ಬೆಲೆ ಕೇಳಿಯೇ ಎಷ್ಟೋ ಜನ ಶೆಡ್ ಕಟ್ಟೋಕೆ ಓಡ್ತಾರೆ. ಮಳೆಗೆ ಮುಂಚೆ ಕರುಳುಬೇನೆ ಲಸಿಕೆ, ಪಿಪಿಆರ್ ಲಸಿಕೆ, ಜಂತುಹುಳಕ್ಕೆ ಔಷಧಿ, ಮರಿ ಹಾಕೋ ರಾತ್ರಿಗಳು, ಇದನ್ನೆಲ್ಲ ಒಂದು ಮಳೆಗಾಲ ಬೇರೆಯವರ ಹಿಂಡಿನಲ್ಲಿ ನೋಡಿದವನು ಶೆಡ್ಡಿಗೆ ಸಿಮೆಂಟು ತರೋ ಮುಂಚೆ ಲಸಿಕೆ ಪಟ್ಟಿ ತರ್ತಾನೆ.

ಈ ತಿಂಗಳುಗಳು ಮುಗಿದ ಮೇಲೂ ಆಸೆ ಉಳಿದಿದ್ದರೆ ದಾರಿಗಳು ಒಂದೇ ಅಲ್ಲ. ಬಿ.ವಿ.ಎಸ್‌ಸಿ. ಐದೂವರೆ ವರ್ಷ, ಅದರಲ್ಲಿ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಪಿಯುಸಿಯಲ್ಲಿ ಜೀವಶಾಸ್ತ್ರ ಇರಬೇಕು, ಸಿಇಟಿ ಬರೀಬೇಕು. ಹೆಬ್ಬಾಳದ ಕಾಲೇಜು 1958ರದ್ದು, ಮಂಡ್ಯದವರಿಗೆ ಹಾಸನದ ಕಾಲೇಜೂ ದೂರ ಅಲ್ಲ. ರೈತರ ಮಕ್ಕಳಿಗೆ ಕೃಷಿಕರ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತೆ. ಕೊಟ್ಟಿಗೆಯಲ್ಲಿ, ಹೊಲದಲ್ಲಿ ಕೈಯಾಡಿಸಿದವರಿಗೆ ಅದು ಕಷ್ಟ ಅಲ್ಲ. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದವರಿಗೆ ಬೀದರ್ ಪಶು ವಿಶ್ವವಿದ್ಯಾಲಯದ ಅಡಿ ಎರಡು ವರ್ಷದ ಪಶುಸಂಗೋಪನಾ ಡಿಪ್ಲೊಮಾ ಇದೆ, ತಿಪಟೂರು ತಾಲ್ಲೂಕು ಕೊನೇಹಳ್ಳಿಯಲ್ಲಿ ಒಂದು ಪಾಲಿಟೆಕ್ನಿಕ್ ಇದೆ. ಕೃತಕ ಗರ್ಭಧಾರಣೆಗೆ "ಮೈತ್ರಿ" ತರಬೇತಿ, ಹೆಣ್ಣುಮಕ್ಕಳಿಗೆ ಸ್ವಸಹಾಯ ಸಂಘದ ಮೂಲಕ "ಪಶು ಸಖಿ". ಇವನ್ನ ಸಣ್ಣ ಕೆಲಸ ಅಂತ ಮೂಗು ಮುರಿಯೋರು ನಾಗಮಂಗಲದ ಒಳಗಿನ ಹಳ್ಳಿಗಳಲ್ಲಿ ಒಂದು ದಿನ ಓಡಾಡಲಿ. ಬೆಳಗ್ಗೆ ಬೆದೆ ಕಂಡ ಹಸುವಿಗೆ ಸಂಜೆಯೊಳಗೆ ಸೂಜಿ ಹಾಕೋರು ಬರದಿದ್ದರೆ ಆ ಮನೆಗೆ 21 ದಿನದ ಮೇವು ದಂಡ. ಬರೋ ಒಬ್ಬನಿಗೆ ಅಲ್ಲಿ ಎಷ್ಟು ಮರ್ಯಾದೆ ಅಂತ ನೋಡಿ.

ಈಗ ತಕ್ಷಣಕ್ಕೆ ಒಂದು ಕೆಲಸ ಹೇಳ್ತೀನಿ. ಕಾಲುಬಾಯಿ ಜ್ವರದ ಲಸಿಕೆ ವರ್ಷಕ್ಕೆ ಎರಡು ಸುತ್ತು ನಡೆಯುತ್ತೆ. ಲಸಿಕೆ ಹಾಕೋರು ಮನೆ ಮನೆಗೆ ಹೋಗ್ತಾರೆ, ಜನ ಕಮ್ಮಿ, ಊರು ಜಾಸ್ತಿ. ಪ್ರತಿ ಹಸುವಿನ ಕಿವಿಯಲ್ಲಿ ಹಳದಿ ಓಲೆ ಇರುತ್ತಲ್ಲ, ಅದರ 12 ಅಂಕಿ ಓದಿ ಆ್ಯಪ್‌ಗೆ ಹಾಕಬೇಕು. ಓಲೆ ಮೇಲೆ ಸಗಣಿ ಮೆತ್ತಿರುತ್ತೆ, ಹಸು ತಲೆ ಕೊಡವುತ್ತೆ, ನೆಟ್‌ವರ್ಕ್ ಇರಲ್ಲ. ಮೊಬೈಲ್ ಚೆನ್ನಾಗಿ ಬಲ್ಲ, ಹಗ್ಗ ಹಿಡಿಯೋಕೆ ಹೆದರದ ಒಬ್ಬ ಹುಡುಗನೋ ಹುಡುಗಿಯೋ ಜೊತೆಗಿದ್ದರೆ ಅವರ ಕೆಲಸ ಎಷ್ಟೋ ಹಗುರ. ನಿಮಗೂ ಒಂದು ವಾರದಲ್ಲಿ ನೂರಾರು ಹಸು, ನೂರಾರು ಕೊಟ್ಟಿಗೆ ನೋಡೋ ಅವಕಾಶ. ಯಾರ ಕೊಟ್ಟಿಗೆ ನೆಲ ಒಣಗಿದೆ, ಯಾರ ಹಸುವಿನ ಪಕ್ಕೆಲುಬು ಕಾಣ್ತಿದೆ, ಗಬ್ಬದ ಹಸುವಿಗೆ ಲಸಿಕೆ ಬೇಡ ಅಂತ ಹಠ ಮಾಡೋ ಅಜ್ಜಿಯನ್ನ ಡಾಕ್ಟ್ರು ಹೆಂಗೆ ಒಪ್ಪಿಸ್ತಾರೆ. ಮುಂದಿನ ಸುತ್ತು ಯಾವಾಗ ಅಂತ ನಿಮ್ಮ ಹೋಬಳಿ ಪಶು ಆಸ್ಪತ್ರೆಯಲ್ಲಿ ಕೇಳ್ಕೊಳ್ಳಿ. ಫೋನ್ ಪೂರ್ತಿ ಚಾರ್ಜ್ ಇರಲಿ, ಪ್ಯಾಂಟ್ ಹಳೇದಿರಲಿ, ಓಲೆ ಒರೆಸೋಕೆ ಜೇಬಲ್ಲಿ ಒಂದು ಬಟ್ಟೆ ಇಟ್ಕೊಳ್ಳಿ.